ಕೆಂಪು ಬಿಲ್ಲೆ ಕಳೆದಿಲ್ಲ

ಮನೆಯಿಂದ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ಗುಂಡೂ,

ಹೇಗಿದ್ದೀಯೇ? ಬೆನ್ನುನೋವು ಕಡಿಮೆಯಾಯಿತಾ? ಕಾರ್ಖಾನೆಯ ಚಿಕಿತ್ಸಾ ಕೋಣೆಯಲ್ಲಿ ಕೂರಲು ನೆಟ್ಟಗಿನ ಒಂದು ಕುರ್ಚಿಯೂ ಇಲ್ಲ ಅಂದಿದ್ದೆಯಲ್ಲ, ಬಾಯಿ ಬಿಟ್ಟು ಕೇಳಿದೆಯಾ ಇಲ್ಲವಾ? ಅಳದ ಮಗುವಿಗೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲವಂತೆ, ಇನ್ನು ಮ್ಯಾನೇಜರು ಕುರ್ಚಿ ಕೊಡುತ್ತಾನಾ? ದಿನವಿಡೀ ಕಂಡವರ ಗಾಯ ತೊಳೆಯುವವಳು ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ಇಲ್ಲಿ ನನ್ನ ಮಂಡಿ ಯಥಾಪ್ರಕಾರ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ಕಳಿಸಿದ ಕೆಂಪು ಪರದೆಯನ್ನು ಮುಂದಿನ ಕೋಣೆಯ ಕಿಟಕಿಗೆ ಹಾಕಿದ್ದೇನೆ, ಬಂದವರೆಲ್ಲ ಮುಟ್ಟಿ ನೋಡಿ ಹೊಗಳುತ್ತಾರೆ. ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ನಡಿಗೆ ಮೊದಲಿಗಿಂತ ಚುರುಕು. ಅವರಿಗೆ ಏನೂ ಆಗಿಲ್ಲ ಅಂತ ನೋಡಿದವರೆಲ್ಲ ಹೇಳುವಷ್ಟು ಚೆನ್ನಾಗಿದ್ದಾರೆ. ನನಗೆ ಹೆದರಿಕೆ ಅದಕ್ಕೇ.

ಫೋನು ಬಿಟ್ಟು ಕಾಗದಕ್ಕೆ ಯಾಕೆ ಕೈ ಹಾಕಿದಳು ಅಮ್ಮ ಅಂತ ನೀನು ಈಗಾಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಫೋನು ಇರುವುದು ಅವರ ಜೇಬಿನಲ್ಲಿ. ನೀನು ಮಾಡಿದಾಗ ಮೊದಲು ಅವರು ಮಾತಾಡಿ, ಆಮೇಲೆ ನನ್ನ ಕೈಗೆ ಕೊಟ್ಟು, ಮುಗಿಯುವ ತನಕ ಎದುರಿಗೇ ನಿಂತಿರುತ್ತಾರೆ. ಕದ್ದು ಕೇಳಲಿಕ್ಕಲ್ಲ ಪಾಪ, ನಿನ್ನ ದನಿ ಇನ್ನೊಂದು ಚೂರು ಕಿವಿಗೆ ಬೀಳಲಿ ಅಂತ. ಅವರ ಮುಖ ನೋಡಿಕೊಂಡು ಅವರ ಮೇಲೇ ಚಾಡಿ ಹೇಳುವುದು ನನ್ನಿಂದಾಗದು. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ, ನಂಬಿದ್ದೇನೆ.

ಪ್ರಥಮ ಚಿಕಿತ್ಸೆಯ ಸ್ವಯಂಸೇವಕ ದಳದ ಪರೀಕ್ಷೆಯ ಬಗ್ಗೆ ನಿನಗೆ ಅವರು ಏನು ಹೇಳಿದರೆಂದು, ನನ್ನೆದುರಿಗೇ ಹೇಳಿದ್ದರಿಂದ, ನನಗೆ ಗೊತ್ತು. 'ಸಲೀಸಾಗಿ ಆಯ್ತು ಮಗಳೇ' ಅಂದರು. ಆಗಲಿಲ್ಲ ಗುಂಡೂ. ಈ ಸಲ ಪರೀಕ್ಷಕಿ ಹೊರಗಿನಿಂದ ಬಂದಿದ್ದಳು. ರಬ್ಬರ್ ಗೊಂಬೆಯ ಎದೆ ಒತ್ತಿ ತೋರಿಸಿ ಅಂದಾಗ ಅವರು ಒತ್ತುತ್ತಾ ಎಣಿಸುತ್ತಾ ಹೋಗಿ, ನಡುವೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿ, ಮತ್ತೆ ತಪ್ಪಿ, ಕೊನೆಗೆ ಗೊಂಬೆಗೆ ಹೊದಿಕೆ ಹೊದಿಸಿ 'ಪಾಪ, ಮಲಗ್ಲಿ ಬಿಡಿ' ಅಂದರಂತೆ. ತಮಾಷೆಯೆಂದು ದಳದವರೆಲ್ಲ ನಕ್ಕರಂತೆ. ಆಕೆ ನಗಲಿಲ್ಲ. ತೋಳಿನ ಮೂರೂ ಬಟ್ಟೆ ಬಿಲ್ಲೆಗಳನ್ನು ಬಿಚ್ಚಿಸಿಕೊಂಡು ಹೋದಳು, ಮೊದಲ ಹಂತದ ಹಸಿರು, ನಡುವಿನ ನೀಲಿ, ಎಲ್ಲಕ್ಕಿಂತ ದೊಡ್ಡ ಕೆಂಪು. ಅವರು ಮನೆಗೆ ಬಂದಾಗ ನಾನು ನೋಡಿದ್ದು ಅಂಗಿಯ ತೋಳನ್ನು. ಒಗೆದೊಗೆದು ಮಾಸಿದ ಬೂದು ಬಟ್ಟೆಯಲ್ಲಿ ಬಿಲ್ಲೆ ಇದ್ದ ಮೂರು ಜಾಗ ಮಾತ್ರ ಹೊಸ ಬಟ್ಟೆಯಂತೆ ಗಾಢವಾಗಿ ಉಳಿದಿತ್ತು. ಆ ಅಂಗಿ ಹಾಕಿಕೊಂಡು ಅವರು ಓಟದ ಸ್ಪರ್ಧೆಗಳಲ್ಲಿ ಓಡುವವರಿಗೆ ನೀರಿನ ಲೋಟ ಹಂಚಿದರು. ಯಾರಾದರೂ ಎದುರಾದರೆ ಇನ್ನೊಂದು ಕೈಯಿಂದ ತೋಳನ್ನು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನೋಡಲಾರದೆ ಹೋದವನು ಇನ್ನೊಬ್ಬ. ದಳದ ನಾಯಕ, ಅದೇ ಸೈಕಲ್ ಅಂಗಡಿಯವನು. ಅವನಿಗೆ ಮೊದಲ ಬ್ಯಾಂಡೇಜು ಕಟ್ಟಲು ಕಲಿಸಿದವರು ನಿಮ್ಮಪ್ಪನೇ ತಾನೇ, ದಳದವರೆಲ್ಲ ಮೇಷ್ಟ್ರು ಅನ್ನುವುದೂ ಅದಕ್ಕೇ. ಒಂದು ಸಂಜೆ ಬಾಳೆಹಣ್ಣು ಹಿಡಿದುಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, 'ಮೇಷ್ಟ್ರೇ, ತೋಳು ಬೋಳಾಗಿ ಕಾಣ್ಸುತ್ತೆ. ಮಗಳ ಬಿಲ್ಲೆ ಮನೇಲೇ ಇದೆಯಲ್ಲ, ಬಣ್ಣ ಅದೇ. ಯಾರು ನೋಡ್ತಾರೆ?' ಅಂದ. ನಿಮ್ಮಪ್ಪನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ನೀನು ಊರು ಬಿಡುವಾಗ ಬಿಚ್ಚಿಟ್ಟು ಹೋದ ಹಸಿರು, ನೀಲಿ ಬಿಲ್ಲೆಗಳನ್ನು ಹೊಲಿಗೆ ಡಬ್ಬಿಯಿಂದ ತೆಗೆದು ಆ ಗಾಢ ಚೌಕಗಳ ಮೇಲೆ ಹೊಲಿದುಕೊಟ್ಟವಳು ನಾನೇ. ಅಳತೆ ಸರಿಯಾಗಿ ಕೂತಿತು. ಕೆಂಪು ಬಿಲ್ಲೆಗೆ ಮಾತ್ರ ಕೈ ಬರಲಿಲ್ಲ, ಡಬ್ಬಿಯಲ್ಲೇ ಬಿಟ್ಟೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ನಿನ್ನಜ್ಜಿ ಹೇಳುತ್ತಿದ್ದದ್ದು ಇಂಥದ್ದಕ್ಕೇ. ಅವನು ದಾಕ್ಷಿಣ್ಯಕ್ಕೆ ಹೇಳಿದ, ನಾನು ದಾಕ್ಷಿಣ್ಯಕ್ಕೆ ಹೊಲಿದೆ.

ಆಮೇಲೆ ಮಾರುಕಟ್ಟೆಯ ಬೀದಿಯಲ್ಲಿ ಬೀಗ ರಿಪೇರಿಯವನು ಕುಸಿದುಬಿದ್ದ. ನಿನ್ನ ಸೂಟ್‌ಕೇಸಿನ ಬೀಗ ಸರಿ ಮಾಡಿಕೊಟ್ಟು 'ಬೇಗ ಬಂದ್ಬಿಡಮ್ಮ' ಅಂದನಲ್ಲ, ಅವನೇ. ಉಸಿರಿತ್ತು, ಎಚ್ಚರ ಇರಲಿಲ್ಲ. ಅಲ್ಲಿದ್ದ ದಳದವರು ಇಬ್ಬರೇ, ನಿಮ್ಮಪ್ಪ ಮತ್ತು ಹಾಲಿನ ಬೂತಿನವಳು. ಅವಳದು ಬರೀ ಹಸಿರು ಬಿಲ್ಲೆ. ದೊಡ್ಡ ಬಿಲ್ಲೆಯವರದೇ ಮಾತು, ಅವರು ಹೇಳುವ ತನಕ ಉಳಿದವರು ಕೈ ಹಾಕಕೂಡದು. ಒಂದೇ ಬಣ್ಣದವರು ಇಬ್ಬರಿದ್ದರೆ ಹೊಸದಾಗಿ ಪಾಸಾದವರ ಮಾತು ನಡೆಯಬೇಕು. ದಳಕ್ಕೆ ಈ ಕಟ್ಟಳೆ ಹಾಕಿಕೊಟ್ಟದ್ದೇ ನಿಮ್ಮಪ್ಪ, ನೀನು ಊಟದ ತಟ್ಟೆಯ ಮುಂದೆ ಕೂತು ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. 'ಮಗ್ಗುಲಿಗೆ ಹೊರಳಿಸೋಣ ಮೇಷ್ಟ್ರೇ' ಅಂತ ಅವಳು ಮತ್ತೆ ಮತ್ತೆ ಹೇಳಿದಳಂತೆ. ಇವರು ಮೆತ್ತಗೆ 'ನೀನು ಹಿಂದೆ ನಿಲ್ಲಮ್ಮ' ಅಂದು, ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಗದ್ದ ಎತ್ತಿ ಹಿಡಿದು ಬಾಯಿಗೆ ನೀರು ಹುಯ್ದರಂತೆ. ನೀರು ಎಲ್ಲಿಗೆ ಹೋಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಅವನು ಇನ್ನೂ ಆಸ್ಪತ್ರೆಯಲ್ಲೇ ಇದ್ದಾನೆ, ಎದೆಯಲ್ಲಿ ಸೋಂಕು ಅನ್ನುತ್ತಾರೆ, ಕೊಳವೆ ಹಾಕಿದ್ದಾರೆ. ಬೀದಿಯವರಿಗೆ ಮಾತ್ರ ನಿಮ್ಮಪ್ಪ ಪ್ರಾಣ ಉಳಿಸಿದ ಪುಣ್ಯಾತ್ಮ. ಅವನ ಹೆಂಡತಿ ಮನೆಗೆ ಬಂದು ಇವರ ಎರಡೂ ಕೈ ಹಿಡಿದುಕೊಂಡು 'ನೀವಿಲ್ದಿದ್ರೆ ಅಲ್ಲೇ ಹೋಗ್ಬಿಡ್ತಿದ್ರು' ಅಂತ ಅತ್ತಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ. ಹಾಲಿನವಳು ಮಾರನೆಯ ದಿನ ಹಿತ್ತಲ ಬಾಗಿಲಿಗೆ ಬಂದಳು. 'ಅಕ್ಕಾ, ನೀರು ಹುಯ್ಯಬಾರ್ದು ಅಂತ ನಂಗೆ ಗೊತ್ತಿತ್ತು. ಬಿಲ್ಲೆ ನೋಡಿ, ಮೇಷ್ಟ್ರು ಮತ್ತೆ ಪಾಸಾಗಿದಾರೆ ಅಂದ್ಕೊಂಡೆ. ಹಸಿರು ಬಿಲ್ಲೆ ಇಟ್ಕೊಂಡು ನೀಲಿ ಬಿಲ್ಲೆಯವರ ಕೈ ಹಿಡ್ಕೊಳೋಕೆ ಆಗುತ್ತಾ?' ಅಂತ ಕೇಳಿದಳು. ಆ ನೀಲಿ ನಿನ್ನದು, ಸೂಜಿ ನನ್ನದು.

ಇಷ್ಟಾದರೂ ವಯಸ್ಸಾಯಿತು, ಗಾಬರಿಯಲ್ಲಿ ಒಂದು ತಪ್ಪಾಗಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೋದ ಗುರುವಾರ ಅದೂ ಹೋಯಿತು. ತರಕಾರಿ ಹೆಚ್ಚುವಾಗ ಬೆರಳಿಗೆ ಸ್ವಲ್ಪ ತಾಗಿತು, ಚಾಕುವೂ ನನ್ನ ಹಾಗೆ ಹಳೆಯದು. ಅವರು ಸಂಭ್ರಮದಿಂದ ಪೆಟ್ಟಿಗೆ ತಂದು, ಬೆರಳಿಗೆ ಸಾಲುವ ಪಟ್ಟಿ ಬಿಟ್ಟು ಮುಂಗೈಯಿಂದ ಸುತ್ತತೊಡಗಿದರು. ಬಿಗಿಯಾಯಿತು ಅಂದೆ. 'ಬಿಗಿ ಇದ್ರೇನೇ ರಕ್ತ ನಿಲ್ಲೋದು' ಅಂದು ಗಂಟು ಹಾಕಿ ಸ್ನಾನಕ್ಕೆ ಹೋದರು. ಕಟ್ಟಿದ ಮೇಲೆ ಉಗುರು ಒತ್ತಿ ಬಿಡಬೇಕು, ಬಣ್ಣ ಮರಳಿ ಬರುತ್ತದಾ ನೋಡಬೇಕು ಅಂತ ನಿನಗೆ ಕಲಿಸಿದವರು ಇವರೇ ಅಲ್ಲವಾ? ನಾನೇ ಒತ್ತಿ ನೋಡಿದೆ. ಬರಲಿಲ್ಲ. ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು, ಒಳಗಿನಿಂದ ಅವರು ಹಾಡು ಗುನುಗುವುದು ಕೇಳುತ್ತಿತ್ತು. ಬಿಚ್ಚಿದರೆ ಎಲ್ಲಿ ನೊಂದುಕೊಳ್ಳುತ್ತಾರೋ ಅಂತ ಆ ಕೈ ಹಿಡಿದುಕೊಂಡು ಕೂತಿದ್ದೆ ನೋಡು, ನನ್ನಂಥ ಪೆದ್ದಿ ಇರುತ್ತಾಳಾ? ಕೊನೆಗೆ ತಡೆಯಲಾರದೆ ಕತ್ತರಿಯಿಂದ ಕತ್ತರಿಸಿದೆ. ಅಷ್ಟರಲ್ಲಿ ಅವರು ಟವೆಲ್ ಹೊದ್ದು ಬಂದರು. ಕೈ ಮೇಲಿನ ಗೆರೆಗಳನ್ನು ನೋಡಿದ ಕೂಡಲೇ ಮುಖ ಕೆಂಪಗಾಯಿತು. 'ಯಾರು ಕಟ್ಟಿದ್ದು ಹೀಗೆ? ಕೈಯೇ ಹೋಗ್ತಿತ್ತಲ್ಲ! ಯಾವ ಮೂರ್ಖನಿಗೆ ಕೈ ಕೊಟ್ಟೆ?' ಅಂತ ನನ್ನನ್ನೇ ಗದರಿದರು. ನಟನೆ ಅಲ್ಲ ಗುಂಡೂ. ನಾನು ಅವರ ಕಣ್ಣನ್ನೇ ನೋಡಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬರುವ ಭಾನುವಾರ ಊರಿನ ದೊಡ್ಡ ಓಟ. ಸಾವಿರಾರು ಜನ ಓಡುತ್ತಾರೆ, ಬಿಸಿಲು ಈಗಲೇ ಬೆಂಕಿ. ಸೈಕಲ್ ಅಂಗಡಿಯವನು ಓಟ ಶುರುವಾಗುವ ಕಡೆ ಇರುತ್ತಾನೆ. ಮೇಷ್ಟ್ರಿಗೆ ನೆರಳಲ್ಲಿ ಕುರ್ಚಿ ಇರಲಿ ಅಂತ ಇವರನ್ನು ಓಟ ಮುಗಿಯುವ ಕಡೆಯ ಡೇರೆಗೆ ಹಾಕಿದ್ದಾನೆ. ಅಲ್ಲಿಗೆ ತಾನೇ ಬಂದು ಬೀಳುವುದು ಎಲ್ಲರೂ? ಹಾಲಿನವಳೂ ಅದೇ ಡೇರೆಯಲ್ಲಿ. ಇವರಿಗೆ ಈಗ ಕೆಂಪು ಬಿಲ್ಲೆಯೂ ಬೇಕಾಗಿದೆ. ಕೆಂಪು ಇದ್ದರೆ ಡೇರೆ ಪೂರ್ತಿ ಇವರ ಮಾತು, ಆಂಬುಲೆನ್ಸಿನ ಡ್ರೈವರ್ ಕೂಡ ಇವರು ಹೇಳದೆ ಗಾಡಿ ತೆಗೆಯುವುದಿಲ್ಲ. ನಾಯಕನ ಅಂಗಡಿಗೆ ಹೋಗಿ ನಾನೇ ಹೇಳಿ ನೋಡಿದೆ. ಟಯರಿಗೆ ಗಾಳಿ ಹೊಡೆಯುತ್ತಲೇ, 'ಇದೊಂದ್ ಓಟ ಮುಗೀಲಿ ಅಮ್ಮಾ, ಆಮೇಲೆ ಗೌರವವಾಗಿ ಬಿಡಿಸೋಣ. ಈಗ ಹೇಳಿದ್ರೆ ಮೇಷ್ಟ್ರು ಉಳೀತಾರಾ?' ಅಂದ. ಮೇಷ್ಟ್ರ ವಿಷಯ ಅವನು ಯೋಚಿಸಿದ್ದಾನೆ. ಅವತ್ತು ಡೇರೆಯೊಳಗೆ ಯಾರನ್ನು ಎತ್ತಿಕೊಂಡು ಬರುತ್ತಾರೋ ಅವರ ವಿಷಯ ಯಾರೂ ಯೋಚಿಸಿಲ್ಲ.

ಇವರ ಹತ್ತಿರವೂ ಒಂದು ಮಾತು ತೆಗೆದೆ. ಈ ಸಲ ನೀರು ಹಂಚಿದರೆ ಸಾಲದೇ ಅಂದೆ. ಅವರು ಎದ್ದು ಹೋಗಿ ಅಂಗಿಯನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, ಖಾಲಿ ಚೌಕದ ಮೇಲೆ ಬೆರಳಿಟ್ಟು, 'ಪಂಪ್‌ಹೌಸ್ ಕೆಲಸ ಬಿಟ್ಟ ಮೇಲೆ ನನಗೆ ಉಳಿದಿರೋದು ಇದೊಂದೇ ಅಲ್ವೇನೇ' ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನೂ ಹೀಗೆ ಬೇಡಿದವರಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೆಂಪು ಬಿಲ್ಲೆ ಡಬ್ಬಿಯಲ್ಲಿ ಕಾಣುತ್ತಿಲ್ಲ, ಎಲ್ಲೋ ಕಳೆದಿದೆ ಅಂದುಬಿಟ್ಟೆ. ಬೆಳಗಿನಿಂದ ಹುಡುಕುತ್ತಿದ್ದಾರೆ. ಹಾಸಿಗೆ ಕೊಡವಿದರು, ನಿನ್ನ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನೋಡಿದರು, ಈಗ ಮುಂದಿನ ಕೋಣೆಯಲ್ಲಿದ್ದಾರೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೇಳಿದರೆ ಸಾಮಾನಿನ ಪಟ್ಟಿ ಅನ್ನುತ್ತೇನೆ.

ನೀನು ಗಾಬರಿಯಾಗಬೇಡ. ಕೆಲಸ ಕೆಡಿಸಿಕೊಳ್ಳಬೇಡ, ರಾತ್ರಿ ಪಾಳಿಯಿದ್ದರೆ ಹಗಲು ಚೆನ್ನಾಗಿ ಮಲಗು. ಕುರ್ಚಿ ಕೇಳು. ನಿನ್ನ ಕೈಗುಣ ಬೆಳೆಯಲಿ, ಮುಟ್ಟಿದವರೆಲ್ಲ ಎದ್ದು ಓಡಾಡಲಿ. ಕೈಗುಣ ಅನ್ನುವುದು ನಿನಗೆ ಅವರಿಂದಲೇ ಬಂದದ್ದು, ಅದನ್ನು ಯಾವತ್ತೂ ಮರೆಯಬೇಡ.

ನಿನ್ನ
ಅಮ್ಮ

ತಾ.ಕ.: ಮರೆತು ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕೆಂಪು ಬಿಲ್ಲೆ ಕಳೆದಿಲ್ಲ. ಈ ಕಾಗದದ ಮಡಿಕೆಯಲ್ಲೇ ಇದೆ, ಜೋಪಾನ. ಅದು ನಿನ್ನದು, ನೀನು ಹೋಗುವ ಮುಂಚೆ ಪಾಸಾದದ್ದು ಇನ್ನೂ ನಡೆಯುತ್ತದೆ. ನಿನ್ನ ದಳದ ಅಂಗಿಗೆ ಇಸ್ತ್ರಿ ಹಾಕಿ ಬಾಗಿಲ ಹಿಂದೆ ನೇತು ಹಾಕಿದ್ದೇನೆ. ಶನಿವಾರ ಬಾ. ಭಾನುವಾರ ಆ ಡೇರೆಯಲ್ಲಿ ನೀನು ನಿಂತಿರಬೇಕು. ಅವರು ಕೂತಿರಲಿ.

ಇಷ್ಟು ಬರೆಯುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಕತ್ತರಿಯ ಸದ್ದು ಕೇಳಿ ಇಣುಕಿ ನೋಡಿದೆ. ನೀನು ಕಳಿಸಿದ ಪರದೆಯ ಮೂಲೆಯನ್ನು ಚೌಕವಾಗಿ ಕತ್ತರಿಸಿಕೊಂಡು, ಅಂಚು ಮಡಚಿ, ಅಂಗಿಯ ತೋಳಿಗೆ ಇಟ್ಟು ನೋಡುತ್ತಿದ್ದಾರೆ. ಅದೇ ಕೆಂಪು. ನಾಲ್ಕು ಹೆಜ್ಜೆ ದೂರದಿಂದ ನನಗೇ ವ್ಯತ್ಯಾಸ ಗೊತ್ತಾಗಲಿಲ್ಲ. ಒಂದೇ ಬಣ್ಣದವರು ಇಬ್ಬರಿದ್ದರೆ ಯಾರ ಮಾತು ನಡೆಯಬೇಕು ಅನ್ನುವುದು ಅವರಿಗೆ ನೆನಪಿದೆಯೋ ಇಲ್ಲವೋ, ನಿನಗಿದೆ.

ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವಂತೆ, ಕರೆಯುತ್ತಿದ್ದಾರೆ. ನಾನು ಹೋಗಿ ಪೋಣಿಸಿ ಕೊಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ನೀನು ಬಾ.