ಅವಳ ಹಿಂದೆ ನಡೆದವರು ಯಾರು?

ಮೆಣಸಿನಹಾಳ, ಹಾವೇರಿ ಸೀಮೆ
ಫೆಬ್ರವರಿ ೩೦, ೨೧೮೭

ಮೆಣಸಿನಹಾಳ ಪ್ರೌಢಶಾಲೆಯ ಕೆಡೆಟ್ ದಳದ ಮಕ್ಕಳಿಗೆ, ನಿಮ್ಮಿಂದ ಆರೇಳು ತಲೆಮಾರು ಆಚೆಯಿಂದ ಚನ್ನಬಸವ್ವ ಕೋರಿಶೆಟ್ಟರ ಬರೆಯುವುದು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ದಿನವಿಲ್ಲ, ನಮ್ಮದರಲ್ಲಿದೆ. ಮೇ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದ್ದಾರೆ. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ, ಆದರೆ ಮೇ ಬೇಗ ಮುಗಿಯಿತೆಂಬ ಸಮಾಧಾನ ಜನಕ್ಕೆ ಬೇಕಿತ್ತು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ಇದೊಂದೇ ಸಲ. ನಾನು ಇದೇ ಶಾಲೆಯಲ್ಲಿ ಹತ್ತನೆಯ ಇಯತ್ತೆವರೆಗೆ ಓದಿದವಳು, ಮದುವೆಯಾದ ಮೇಲೆ ಇದೇ ಊರಿನ ಮೆಣಸಿನಕಾಯಿ ವ್ಯಾಪಾರದ ದೊಡ್ಡ ಮನೆಯನ್ನು ನಡೆಸಿದವಳು. ನನಗೆ ಈಗ ಎಂಬತ್ತು ಹತ್ತಿರವಾಗಿದೆ. ಸುತ್ತಿ ಬಳಸಿ ಮಾತಾಡುವ ವಯಸ್ಸಲ್ಲ.

ನಮ್ಮಲ್ಲಿ ಹೋಳಿ ಹುಣ್ಣಿಮೆ ಕಳೆದ ಮೇಲೆ ಹಗಲು ಮನುಷ್ಯರದಲ್ಲ. ಬೆಳಗಿನ ಒಂಬತ್ತರಿಂದ ಸಂಜೆಯ ಐದರವರೆಗಿನ ಸಮಯವನ್ನು ಉರಿಹೊತ್ತು ಎನ್ನುತ್ತೇವೆ. ಆಗ ಹೊರಗೆ ನಿಂತವರು ಹೆಚ್ಚು ಕಾಲ ನಿಲ್ಲುವುದಿಲ್ಲ. ರೊಟ್ಟಿ ಬಡಿಯುವ ಸದ್ದು ಕೋಳಿ ಕೂಗುವ ಮೊದಲೇ ಕೇಳುತ್ತದೆ, ಸಂತೆ ಸೂರ್ಯ ಹುಟ್ಟುವುದರೊಳಗೆ ಮುಗಿಯುತ್ತದೆ. ನಿಮ್ಮ ಕಾಲದಲ್ಲಿ ಕಣದಲ್ಲಿ ವಾರಗಟ್ಟಲೆ ಒಣಗುತ್ತಿದ್ದ ಮೆಣಸಿನಕಾಯಿ ನಮ್ಮಲ್ಲಿ ಎರಡು ದಿನಕ್ಕೆ ಒಣಗಿ, ಮೂರನೆಯ ದಿನಕ್ಕೆ ಬಣ್ಣ ಬಿಡುತ್ತದೆ. ಹಾಗಾಗಿ ಪೇಟೆಯವರೆಲ್ಲರ ಮಾಲು ಕೋಲ್ಡ್ ಸ್ಟೋರೇಜಿನಲ್ಲಿ. ಮನುಷ್ಯರಿಗೆಂದು ಓಣಿಗೊಂದು ತಂಪುಮನೆ ಇದೆ. ಅದು ನೆಲದೊಳಗೆ ಅಗೆದು ಕಟ್ಟಿ, ಯಂತ್ರ ಕೂಡಿಸಿದ ದೊಡ್ಡ ಕೋಣೆ. ಉರಿಹೊತ್ತೆಲ್ಲ ಅಲ್ಲಿಯೇ ನಿದ್ದೆ, ಅಲ್ಲಿಯೇ ಊಟ, ಅಲ್ಲಿಯೇ ಅತ್ತೆ ಸೊಸೆಯರ ಜಗಳ.

ಬಾಗಿಲು ಬಾಗಿಲು ಬಡಿದು ಮುದುಕರನ್ನೂ ಬಾಣಂತಿಯರನ್ನೂ ತಂಪುಮನೆಗೆ ಮುಟ್ಟಿಸುವುದು ಪ್ರೌಢಶಾಲೆಯ ಕೆಡೆಟ್ ದಳದ ಕೆಲಸ. ನೀವು ಸಾವಧಾನ್, ವಿಶ್ರಾಮ್ ಎಂದು ಕವಾಯತು ಮಾಡುವ ಮೈದಾನದಲ್ಲಿಯೇ ನಮ್ಮ ಮಕ್ಕಳೂ ಮಾಡುತ್ತಾರೆ, ನಸುಕಿನಲ್ಲಿ. ದಳದ ನಾಯಕರನ್ನು ಮುಂಗಾಲಿ ಎಂದು ಕರೆಯುತ್ತೇವೆ. ಕಾದ ನೆಲದ ಮೇಲೆ ಮೊದಲ ಹೆಜ್ಜೆ ಇಡುವವರು ಎಂದು ಅದರ ಅರ್ಥ. ಮುಂಗಾಲಿಯ ಹೆಗಲಿಗೆ ಕೆಂಪು ಹುರಿ, ಹುರಿಯಲ್ಲಿ ಸೀಟಿ.

ವರ್ಷಕ್ಕೊಮ್ಮೆ ಶಾಲೆಯಲ್ಲಿ ಹಳೆಯ ಮುಂಗಾಲಿಗಳಿಗೆ ಮರ್ಯಾದೆ ಮಾಡುತ್ತೇವೆ. ಶಾಲಿಲ್ಲ, ಹಾರವಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ಒಬ್ಬೊಬ್ಬರ ಹೆಸರು ಕರೆದು, ಇವರ ಹಿಂದೆ ನಡೆದವರು ಯಾರು ಎಂದು ಸಭೆಯನ್ನು ಕೇಳುತ್ತಾರೆ. ನಡೆದವರು ಎದ್ದು ನಿಲ್ಲಬೇಕು. ಎದ್ದವರಲ್ಲಿ ಹಿರಿಯರು ಬಂದು ಮುಂಗಾಲಿಯ ಹೆಗಲಿಗೆ ಹೊಸ ಹುರಿ ಕಟ್ಟುತ್ತಾರೆ. ಯಾರೂ ಏಳದಿದ್ದರೆ ಆ ಮನುಷ್ಯ ಎಷ್ಟೇ ದೊಡ್ಡ ಅಧಿಕಾರಿಯಾಗಿರಲಿ, ಸುಮ್ಮನೆ ಕೂಡಬೇಕು. ಒಮ್ಮೆ ಒಬ್ಬ ಆಯುಕ್ತನಿಗೆ ಅವನ ಭಾವಮೈದುನ ಮಾತ್ರ ಎದ್ದ. ನೆಂಟರು ಲೆಕ್ಕಕ್ಕಿಲ್ಲವೆಂದು ಅವನನ್ನೂ ಕೂಡಿಸಿದೆವು.

ಈ ಪದ್ಧತಿಯ ಮೇಲೆ ನನಗೆ ಬಹಳ ಅಭಿಮಾನ. ಮೊನ್ನೆ ಅದನ್ನು ಮುರಿಯಲು ಹೊರಟವನು ನನ್ನ ಮೊಮ್ಮಗ ವಿರೂಪಾಕ್ಷ, ಈ ವರ್ಷದ ಸಮಿತಿಯ ಅಧ್ಯಕ್ಷ. ಹಳೆಯ ಮುಂಗಾಲಿಗಳೆಲ್ಲರ ಹೆಸರು ಕರೆದ, ಒಬ್ಬಳನ್ನು ಬಿಟ್ಟ. ಬಿಟ್ಟದ್ದು ಮರೆವಿನಿಂದಲ್ಲ. ಅವಳ ಹೆಸರು ದ್ಯಾಮವ್ವ ಹಾವನೂರ. ಅವಳು ಏನು ಮಾಡಿದಳೆಂದು ನಾನೇ ಹೇಳಬೇಕು. ನಾನು ಅಲ್ಲಿದ್ದೆ.

ಮೂವತ್ತು ವರ್ಷದ ಹಿಂದಿನ ಮಾತು. ಉರಿಹೊತ್ತಿನ ನಡುವೆ ಪೇಟೆ ಓಣಿಯ ತಂಪುಮನೆಯ ಯಂತ್ರ ನಿಂತಿತು. ನಮ್ಮನ್ನೆಲ್ಲ ಆಳುವ ಕಚೇರಿಗೆ ಮಂಡಲ ಎನ್ನುತ್ತೇವೆ. ಅಲ್ಲಿಂದ ಅಪ್ಪಣೆ ಬಂತು: ಯಾರೂ ಹೊರಗೆ ಹೆಜ್ಜೆ ಇಡಕೂಡದು, ರಿಪೇರಿ ಗಾಡಿ ಹೊರಟಿದೆ, ಕಾಯಿರಿ. ದ್ಯಾಮವ್ವನಿಗೆ ಆಗ ಹದಿನಾರು. ಗೋಡೆಗೆ ಕೈ ಹಚ್ಚಿ ನೋಡುತ್ತ ನಿಂತಿದ್ದಳು. ಗೋಡೆ ಬೆಚ್ಚಗಾಗುತ್ತಿತ್ತು. ಆಮೇಲೆ ಸೀಟಿ ಊದಿ, ಎಲ್ಲರೂ ಏಳ್ರಿ, ಕೋಲ್ಡ್ ಸ್ಟೋರೇಜಿಗೆ ಹೋಗೂಣು ಎಂದಳು. ಯಾರ ಅಪ್ಪಣೆ ತಗೊಂಡು ಎಬ್ಬಿಸ್ತೀ ಎಂದು ನಾನೇ ಗದರಿಸಿದೆ. ಅವಳು ದನಿ ಏರಿಸಲಿಲ್ಲ.

"ಅಪ್ಪಣಿ ಬರೂತನಕ ನೀವು ಉಳಿಯಂಗಿಲ್ರಿ, ಯಮ್ಮಾ."

ನಡೆದೆವು. ಒದ್ದೆ ಚಾದರ ತಲೆಯ ಮೇಲೆ ಹೊದ್ದು, ಮುಂದೆ ಅವಳು, ಹಿಂದೆ ಓಣಿಯ ಜನ. ಸ್ಟೋರೇಜು ನಮ್ಮ ಮನೆಯದು. ಬೀಗದ ಕೈ ನನ್ನ ಯಜಮಾನರ ಹತ್ತಿರ, ಯಜಮಾನರು ಹುಬ್ಬಳ್ಳಿಯಲ್ಲಿ. ಒಡಿ ಎಂದೆ. ಅವಳು ಕಲ್ಲಿನಿಂದ ಒಡೆದಳು. ಒಳಗೆ ನೋಡಿದರೆ ಅದು ಬೇರೆಯೇ ಲೋಕ. ಹೊರಗೆ ಊರು ಬೇಯುತ್ತಿದ್ದಾಗ ನಾವು ಗೋಣಿಚೀಲ ಹೊದ್ದು ಹಲ್ಲು ಕಟಕಟಿಸುತ್ತ ಕೂತೆವು. ಮೆಣಸಿನಕಾಯಿಯ ಘಾಟಿಗೆ ಸಂಜೆಯವರೆಗೆ ಸೀನು, ಕೆಮ್ಮು, ಕಣ್ಣೀರು. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು, ನಕ್ಕಷ್ಟೂ ಸೀನುತ್ತಿದ್ದೆವು. ರಿಪೇರಿ ಗಾಡಿ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು.

ಅಪ್ಪಣೆ ಪಾಲಿಸಿ ತಂಪುಮನೆಯಲ್ಲಿಯೇ ಉಳಿದವರು ಒಬ್ಬರೇ, ನಿವೃತ್ತ ಹೆಡ್‌ಮಾಸ್ತರು ಶೇಷಗಿರಿರಾಯರು. ದ್ಯಾಮವ್ವ ಕೈ ಹಿಡಿದು ಎಳೆದರೂ ಅವರು ಏಳಲಿಲ್ಲ. ಅವರ ಶಿಸ್ತಿನ ನೆನಪಿಗೆಂದು ಮಂಡಲ ಒಂದು ಕಲ್ಲಿನ ಬೆಂಚು ಮಾಡಿಸಿ ಹೆಸರು ಕೆತ್ತಿಸಿದೆ. ದ್ಯಾಮವ್ವನ ಹೆಗಲಿನ ಹುರಿ ಬಿಚ್ಚಿಸಿ, ಮೂವತ್ತು ವರ್ಷ ಅವಳ ಹೆಸರನ್ನು ಸಭೆಯಲ್ಲಿ ಕರೆಯಕೂಡದೆಂದು ನಿಷೇಧ ಹಾಕಿತು. ಬಾಗಿಲು ತೆರೆದದ್ದಕ್ಕೆ, ಅಷ್ಟೂ ಜನರ ಉಸಿರಿನ ಪಸೆಗೆ ಪೇಟೆಯವರೆಲ್ಲರ ಮಾಲಿಗೆ ಬೂಷ್ಟು ಹಿಡಿಯಿತು. ಒಂದು ವರ್ಷದ ವ್ಯಾಪಾರ ಹೋಯಿತು. ಒಡೆಯಲು ಹೇಳಿದವಳು ನಾನೆಂದು ಆಗಲೇ ಮಂಡಲದ ಕಟ್ಟೆ ಹತ್ತಿ ಹೇಳಿದೆ. ದೊಡ್ಡ ಮನೆಯ ಹೆಂಗಸು ಮರುಕದಿಂದ ಸುಳ್ಳು ಹೇಳುತ್ತಾಳೆಂದರು. ನನ್ನ ಜನ್ಮದಲ್ಲಿ ಯಾರೂ ನನಗೆ ಮರುಕದ ಆಪಾದನೆ ಹೊರಿಸಿರಲಿಲ್ಲ.

ದ್ಯಾಮವ್ವ ಊರು ಬಿಡಲಿಲ್ಲ. ತಂಪುಮನೆಗಳ ಯಂತ್ರ ನೋಡಿಕೊಳ್ಳುವ ಕೆಲಸ ಕಲಿತಳು. ವರ್ಷ ವರ್ಷವೂ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತಾಳೆ, ಬೇರೆಯವರ ಹೆಸರು ಕರೆದಾಗ ಎದ್ದು ನಿಲ್ಲಲು. ಮಂಡಲದ ಆ ನಿಷೇಧ ಈ ಸಲ ಮುಗಿದಿತ್ತು. ಅವಳ ಹೆಸರು ಬರಬೇಕಿತ್ತು. ಮೊಮ್ಮಗ ವ್ಯಾಪಾರಿಗಳ ಮುಖ ನೋಡಿ, ಇಲ್ಲಿಗೆ ಕಾರ್ಯಕ್ರಮ ಮುಗಿಯಿತು ಎಂದ.

ನಾನು ಎದ್ದು ನಿಂತೆ.

"ಆಯಿ, ಕೂಡ್ರಿ. ಇನ್ನ ಯಾರ ಹೆಸರೂ ಕರದಿಲ್ಲ," ಎಂದ ಮೈಕಿನಲ್ಲಿ.

"ನಾ ಕರದೀನಿ. ದ್ಯಾಮವ್ವ ಹಾವನೂರ. ಇಕಿ ಹಿಂದ ನಡದವ್ರು ಯಾರದೀರಿ?"

ಮೊದಲಿಗೆ ಯಾರೂ ಏಳಲಿಲ್ಲ. ಮೆಣಸಿನಕಾಯಿ ಪೇಟೆಯನ್ನು ನಂಬಿ ಬದುಕುವ ಊರು. ನನ್ನ ಮೊಮ್ಮಗನ ಕಣ್ಣಿಗೆ ಬೀಳಲು ಯಾರಿಗೆ ಬೇಕು? ಹಿಂದಿನಿಂದ ದ್ಯಾಮವ್ವನೇ, ಬ್ಯಾಡ್ರಿ ಯಮ್ಮಾ, ನಿಮ್ಮ ಮನೀಯಾಗ ಜಗಳಾಗ್ತದ ಎಂದಳು. ಜಗಳ ನನ್ನದು, ನೀ ಬಾಯಿ ಮುಚ್ಚಿ ನಿಂದ್ರು ಎಂದೆ. ಆಗ ಬಜಿ ಅಂಗಡಿಯ ಮಲ್ಲಪ್ಪ ಎದ್ದ. ಆವತ್ತಿನಿಂದ ತಾನು ಬಜಿ ಕರಿದು ಮಾರುತ್ತೇನೆಯೇ ಹೊರತು ಮೆಣಸಿನಕಾಯಿ ಬಾಯಿಗಿಟ್ಟಿಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು ಎಂದು ಕೇಳಿದ. ಜನ ನಕ್ಕರು. ನಗುತ್ತಲೇ ಕೆಲವರು ಎದ್ದರು, ಆಮೇಲೆ ನಗದೆಯೂ ಎದ್ದರು. ವೇದಿಕೆಯ ಪಕ್ಕದಲ್ಲಿದ್ದ ಈಗಿನ ಮುಂಗಾಲಿ ಫಕೀರವ್ವ, ಹತ್ತನೆಯ ಇಯತ್ತೆಯ ಹುಡುಗಿ, ಮುಂದೆ ಬಂದು ನಿಂತಳು. ನೀ ಆಗ ಹುಟ್ಟೇ ಇರಲಿಲ್ಲವೆಂದು ವಿರೂಪಾಕ್ಷ ಗದರಿದ.

"ನಮ್ಮವ್ವ ನಡದಿದ್ಲ್ರಿ. ಇಲ್ಲಾಂದ್ರ ನಾ ಹುಟ್ಟತಿದ್ದಿಲ್ಲ."

ಹುರಿಯ ತಟ್ಟೆ ವಿರೂಪಾಕ್ಷನ ಕೈಯಲ್ಲಿತ್ತು. ಕೊಡಲಿಲ್ಲ. ಫಕೀರವ್ವ ತನ್ನ ಹೆಗಲಿನದನ್ನೇ ಬಿಚ್ಚಿ ನನಗೆ ಕೊಟ್ಟಳು. ನಾನು ದ್ಯಾಮವ್ವನಿಗೆ ಕಟ್ಟಿದೆ. ಕಟ್ಟಿ, ವೇದಿಕೆಯತ್ತ ತಿರುಗಿ, ಆವತ್ತು ನಾಲ್ಕು ವರ್ಷದವನಾಗಿದ್ದ ಮೊಮ್ಮಗನಿಗೆ ಹೇಳಿದೆ.

"ನೀನೂ ಇಕಿ ಹಿಂದ ಬಂದೀಯಪಾ, ನನ್ನ ಬಗಲಾಗ ಕುಂತು."

ಅವನು ಮೊದಲೇ ನಿಂತಿದ್ದವನು. ನನ್ನ ಮಾತು ಕೇಳಿ ಕುರ್ಚಿಯಲ್ಲಿ ಕೂತ. ಊರೆಲ್ಲ ನೋಡುತ್ತಿರುವಾಗ ಕೂತ. ನಾನು ಎತ್ತಿ ಬೆಳೆಸಿದ ಕೂಸು. ಆ ನೋವನ್ನು ಇಲ್ಲಿ ಬರೆಯುವುದಿಲ್ಲ.

ನಿನ್ನೆ ಮಂಡಲದಿಂದ ಒಂದು ಹಾಳೆ ಬಂದಿದೆ. ಸಭೆಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆದೆನೆಂದು ಅದರ ಮೇಲೆ ಬರೆದುಕೊಡಬೇಕಂತೆ. ಇಲ್ಲದಿದ್ದರೆ ಈ ಉರಿಗಾಲಕ್ಕೆ ದಳದ ಮಕ್ಕಳಿಗೆ ಬೂಟು, ನೀರು ಇಲ್ಲವಂತೆ. ಬೂಟು, ನೀರು ಇಂದಿನಿಂದ ನನ್ನ ಮನೆಯಿಂದ ಹೋಗುತ್ತವೆ. ಹಾಳೆ ಒಳ್ಳೆಯದಿತ್ತು, ಕೆಡಿಸಲು ಮನಸ್ಸು ಬರಲಿಲ್ಲ. ನೀವು ಓದುತ್ತಿರುವುದು ಅದರ ಮೇಲೆಯೇ. ಓದಲು ಮಂಡಲಕ್ಕೂ ಒಂದು ನಕಲು ಕಳಿಸುತ್ತೇನೆ.

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಹಳೆಯ ಕೆಡೆಟ್ ನಾಯಕರನ್ನು ಕರೆಸಿ ಸನ್ಮಾನ ಮಾಡುತ್ತೀರೆಂದು ಹಳೆಯ ಫೋಟೋಗಳಿಂದ ಬಲ್ಲೆ. ಸೈನ್ಯ ಸೇರಿದವರು, ಪೊಲೀಸ್ ಅಧಿಕಾರಿಗಳಾದವರು ಶಾಲು ಹೊದ್ದು ನಿಂತಿರುತ್ತಾರೆ. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಯಾರನ್ನು ಕರೆಯಬೇಕೆಂಬುದನ್ನು ವೇದಿಕೆಯ ಮೇಲಿನವರಿಗೇ ಬಿಟ್ಟುಕೊಡಬೇಡಿ. ಕವಾಯತು ಕಲಿತದ್ದು ಮುಂದಿನವರ ಹೆಜ್ಜೆ ನೋಡಿ ನಡೆಯಲು. ಯಾರ ಹೆಜ್ಜೆ ನಂಬಿ ನಡೆದಿರೆಂದು ನಿಮಗಲ್ಲದೆ ಇನ್ನಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಸಭೆಯಲ್ಲಿ ಅಂಥವರೊಬ್ಬರ ಹೆಸರು ಬಿಟ್ಟುಹೋದರೆ, ಕರೆಯಿಲ್ಲದೆಯೇ ಎದ್ದು ನೀವೇ ಆ ಹೆಸರು ಹೇಳಿ. ಕೂಡಿರೆಂದು ಮೇಷ್ಟರು ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಕೂಡಬೇಡಿ.

ಚನ್ನಬಸವ್ವ ಕೋರಿಶೆಟ್ಟರ