ಹೆತ್ತವಳಿಗಷ್ಟೇ ಗೊತ್ತಿದ್ದ ಕೋಡ್

ಅಕ್ಕನ ಮನೆಯಿಂದ
ಭಾನುವಾರ, ಮಧ್ಯಾಹ್ನ

ನನ್ನ ಸಿಡುಕುಮೂತಿಗೆ ಅಕ್ಕರೆಯ ನೆನಪುಗಳು,

ಫೋನು ಮಾಡಿದರೆ ಮತ್ತೆ ಜಗಳಕ್ಕೇ ಬೀಳುತ್ತೇವೆ, ಅದಕ್ಕೇ ಕಾಗದ. ಇಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬೆಳಗಿನಿಂದ ಅಕ್ಕನ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ನನಗೆ ಸರಿಕಂಡಂತೆ ಜೋಡಿಸಿಟ್ಟೆ. "ಗಂಡನ ಮೇಲಿನ ಸಿಟ್ಟು ಡಬ್ಬಿ ಮೇಲೆ ಯಾಕೇ? ಉಪ್ಪೆಲ್ಲಿಟ್ಟೆ ಹೇಳು!" ಎಂದು ರೇಗಿದಳು. ನಗು ಬಂತು. ನಿನ್ನ ನೆನಪಾಗಿ ಅದೂ ಅಲ್ಲೇ ನಿಂತಿತು.

ನಮ್ಮ ರಕ್ತದಾನಿಗಳ ವೆಬ್‌ಸೈಟ್ ಶುರುಮಾಡುವಾಗ ನೀನು ಹೇಳಿದ್ದೆ: ಜಗತ್ತೇ ಬಳಸುವ ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್ ಅಂತ, ಇದೆ, ಅದರ ಮೇಲೇ ಕಟ್ಟೋಣ, ಕೆಟ್ಟರೆ ಸರಿಮಾಡಲು ಸಾವಿರ ಜನ ಸಿಗುತ್ತಾರೆ. ನಾನು ಕೇಳಲಿಲ್ಲ. ಅದರ ಭಾರಕ್ಕೆ ಹಳೆಯ ಫೋನುಗಳಲ್ಲಿ ಪುಟ ತೆವಳುತ್ತಿತ್ತು. ತಳಪಾಯದಿಂದ ನಾನೇ ಬರೆದ ಫ್ರೇಮ್‌ವರ್ಕಿನಲ್ಲಿ ಚಿಟಿಕೆ ಹೊಡೆಯುವುದರೊಳಗೆ ತೆರೆಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ನಕ್ಕೆ. ಆದರೆ ನನ್ನದು ನಿಜಕ್ಕೂ ಮುದ್ದಾಗಿಯೇ ಇತ್ತು ಕಣೋ. ಈಗಲೂ ವಾದಿಸುತ್ತೇನೆ.

ನಾನು ವಿಮಾನದಲ್ಲಿದ್ದಾಗಲೇ ಅದು ಕೆಟ್ಟು ನಿಲ್ಲಬೇಕೇ? ಹೆರಿಗೆ ಆಸ್ಪತ್ರೆಯ ನರ್ಸು ಅಪರೂಪದ ಗುಂಪಿನ ರಕ್ತಕ್ಕಾಗಿ ಹುಡುಕಿದರೆ ಬರೀ ಖಾಲಿ ಪುಟ. ನೀನು ನನ್ನ ಕೋಡ್ ತೆರೆದು, ತಲೆಬುಡ ತಿಳಿಯದೆ ಮುಚ್ಚಿ, ಪರಿಚಯದ ದಾನಿಗಳಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ಬೀದಿ ತುದಿಯ ಬಡಗಿ ಉಳಿ ಅಲ್ಲೇ ಬಿಟ್ಟು ಓಡಿದ. ತಾಯಿ, ಮಗು ಇಬ್ಬರೂ ಉಳಿದರು. ವಿಮಾನ ಇಳಿದು ಫೋನು ಎತ್ತಿದ ಕೂಡಲೇ ಕೇಳಿದ್ದು ನಿನ್ನ ದನಿ: "ನೀನು ಸಿಗ್ಲಿಲ್ಲ ಅಂದ್ರೆ ಜನ ಸಾಯ್ಬೇಕಾ?"

ಮುಖ ಊದಿಸಿಕೊಂಡು ನೇರ ಇಲ್ಲಿಗೇ ಬಂದೆ.

ಈಗ ಎಲ್ಲವನ್ನೂ ಸಿದ್ಧ ಫ್ರೇಮ್‌ವರ್ಕಿಗೆ ಸಾಗಿಸಿದ್ದೀಯ. ನೋಡಿದೆ. ದಿನಾ ನೋಡುತ್ತೇನೆ, ತಪ್ಪು ಹುಡುಕಲೆಂದೇ. ಸಿಗದಿದ್ದರೆ ಸಿಟ್ಟು, ಸಿಕ್ಕರೆ ಭಯ. ಅಕ್ಕನ ಹಳೆಯ ಫೋನಿನಲ್ಲಿ ಪುಟ ತೆವಳುತ್ತಲೇ ಇದೆ. ಆದರೆ ತೆರೆಯುತ್ತದೆ. ನಾನಿಲ್ಲದೆಯೂ ತೆರೆಯುತ್ತದೆ. ಅದು ಒಳ್ಳೆಯದು ಎಂದು ಬರೆಯುವಷ್ಟರಲ್ಲಿ ಎದ್ದು ಅಂಗಳಕ್ಕೆ ಹೋಗಿ ಬಂದೆ.

ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಸರಿಯಾಗಿವೆ. ಅಕ್ಕ ಬೇರೆ ಏನಾದರೂ ಹೇಳಿದರೆ ನಂಬಬೇಡ.

ಇಂತಿ,
ನಿನ್ನ ಹಠಮಾರಿ

ಹೇಳಲು ಮರೆತೆ: ನನ್ನ ಫ್ರೇಮ್‌ವರ್ಕನ್ನು ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್‌ನೆಟ್ಟಿಗೆ ಹಾಕಿದ್ದೆ. ಗುರುತು ಪರಿಚಯವಿಲ್ಲದ ಯಾರೋ, "ಒಂದಕ್ಷರ ಅರ್ಥ ಆಗ್ತಿಲ್ಲ, ವಿವರಣೆ ಎಲ್ರೀ?" ಎಂದು ಬೈದು ಬರೆದರು. ಅತ್ತುಬಿಟ್ಟೆ. ಮುಖ ತೊಳೆದು ಬಂದು ವಿವರಣೆ ಬರೆಯತೊಡಗಿದೆ. ಮೊದಲ ಪುಟ ಈ ಕಾಗದದ ಜೊತೆಗಿದೆ. ನಿನಗೆ ಅರ್ಥವಾಗದ ಕಡೆಯೆಲ್ಲ ಗೆರೆ ಎಳೆದಿಡು. ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಪಕ್ಕ ಕೂತು ಜಗಳವಾಡೋಣ.