ನಿನ್ನ ಮಗಳ ಮುಂದಿಟ್ಟ ಸ್ಲೈಡು

ಮೂಡಬಿದಿರೆ, ಏಪ್ರಿಲ್ 1966

ಪರಮೇಶ್ವರಾ,

ತೀರಿಕೊಂಡವನಿಗೆ ಕಾಗದ ಬರೆಯುವುದು ಹುಚ್ಚೇ ಸರಿ. ಆದರೆ ಇವತ್ತು ನಡೆದದ್ದನ್ನು ಬೇರೆ ಯಾರಿಗೆ ಹೇಳಲಿ?

ಪೆಥಾಲಜಿ ಎಂ.ಡಿ. ಪರೀಕ್ಷೆಗೆ ನಾನು ಪರೀಕ್ಷಕನಾಗಿದ್ದೆ. ನಿನ್ನ ಮಗಳು ವಾಗ್ದೇವಿ ಬಂದು ಎದುರು ಕೂತಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಕೂಡಲೇ ಒಂದೊಂದು ಸ್ಲೈಡಿನ ರೋಗವನ್ನೂ ತಪ್ಪಿಲ್ಲದೆ ಹೇಳಿದಳು. ನನಗೆ ಸಂಶಯ ಬಂತು. ಗುರುವಾಯನಕೆರೆಯಲ್ಲಿ ಡಾಕ್ಟರಾಗಿದ್ದ ನಿನ್ನ ಮಗಳೆಂದು ಯಾರೋ ಮೊದಲೇ ಸ್ಲೈಡುಗಳನ್ನು ತೋರಿಸಿರಬೇಕು ಅಂದುಕೊಂಡೆ. ಅಲ್ಲಿ ಯಾರೂ ನೋಡಿರದ, ನನ್ನ ಚೀಲದಲ್ಲಿದ್ದ ಸ್ಲೈಡೊಂದನ್ನು ತೆಗೆದಿಟ್ಟೆ. ಅದು ಥೈರಾಯ್ಡ್ ಗಡ್ಡೆಯದ್ದು.

ಅವಳು ತುಂಬ ಹೊತ್ತು ನೋಡಿದಳು. ಈಗ ಸಿಕ್ಕಿಬಿದ್ದಳು ಎಂದು ಕಾದೆ.

"ಗೊತ್ತಾಗುವುದಿಲ್ಲ ಸರ್. ಗಡ್ಡೆಯ ಅಂಚು ಇದರಲ್ಲಿ ಇಲ್ಲ. ಅಂಚು ನೋಡದೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳ್ಲಿಕ್ಕೆ ಆಗುವುದಿಲ್ಲ."

ಸರಿಯಾದ ಉತ್ತರ ಅದೇ.

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಯಾರು ಕಲಿಸಿದ್ದು?" ಎಂದು ಕೇಳಿದೆ.

"ಅಪ್ಪ. ಅವರಿಗೆ ಅದನ್ನು ಕಲಿಸಿದ್ದು ನೀವಂತೆ."

ಪಾಸೆಂದು ಬರೆದು ಸಹಿ ಹಾಕಿದೆ. ಬಸ್ಸಿನಲ್ಲಿ ಬರುವಾಗ ನನ್ನ ಹಳೆಯ ಬುದ್ಧಿ ಮತ್ತೆ ಎದ್ದಿತು. ಈ ಸಂಕಪ್ಪನ ಎದುರು ಕೂರಬೇಕಾಗಿ ಬಂದರೆ ಹೀಗೆ ಹೇಳು ಎಂದು ನೀನೇ ಅವಳಿಗೆ ಹೇಳಿಕೊಟ್ಟಿರಬಹುದು. ಗೆಳೆಯನಾದ ನಿನ್ನ ಮೇಲೂ ಹೀಗೇ ಸಂಶಯಪಟ್ಟು ನಾನು ಎಲ್ಲರೆದುರು ಆಡಿದ ಒಂದು ಮಾತಿಗೆ ನೀನು ಮಾತು ಬಿಟ್ಟೆ. ಆಮೇಲೆ ನಿಮ್ಮ ಮನೆಯಲ್ಲಿ ನನ್ನ ಹೆಸರೇ ಬಂದಿರಲಿಕ್ಕಿಲ್ಲ ಎಂದು ನಂಬಿದ್ದೆ.

ನೀನು ಹಾಗೆ ಹೇಳಿಕೊಟ್ಟಿದ್ದರೆ ನನ್ನನ್ನು ಮರೆತಿರಲಿಲ್ಲ ಎಂದಾಯಿತು. ಈ ಒಂದು ಸಂಶಯವಾದರೂ ನಿಜವಾಗಿರಲಿ ಮಾರಾಯ.

ಸಂಕಪ್ಪ